ಆಡ್-ಆನ್ ಬರೆದದ್ದು ನಾವೇ, ಕೈಕೊಟ್ಟದ್ದೂ ನಾವೇ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮೂವರ ತಂಡಕ್ಕೆ ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಎರಡನೇ ಬಹುಮಾನ ಬಂತು. ಫೋಟೋ ತೆಗೆಸಿಕೊಂಡೆವು, ಸ್ಟೇಟಸ್ ಹಾಕಿಕೊಂಡೆವು, ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ಗೋಬಿ ಕೊಡಿಸಿದೆವು. ಅದಾಗಿ ಏಳು ವಾರಕ್ಕೆ, ಬಹುಮಾನ ಪಡೆದ ಅದೇ ಸಾಫ್ಟ್‌ವೇರ್ ದೆಸೆಯಿಂದ ನಮ್ಮ ಕ್ಲಾಸ್‌ಮೇಟ್ ಒಬ್ಬ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಟೈಪ್ ಮಾಡಿದ್ದೆಲ್ಲ ಒಂದು ಕ್ಷಣದಲ್ಲಿ ಅಳಿಸಿಹೋಯ್ತು. ಆಮೇಲೆ ನಮ್ಮೊಳಗೆ ಶುರುವಾದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆ ಜಗಳದಲ್ಲಿ ಈಗ ನಾವು ಯಾವ ಕಡೆ ನಿಂತಿದ್ದೀವಿ ಅಂತ ಹೇಳೋಕೆ ಈ ಲೇಖನ.

ಅವನಿಗೆ ಕಣ್ಣು ಕಾಣುವುದಿಲ್ಲ. ಹೆಸರು ಹಾಕ್ಬೇಡಿ ಅಂದಿದ್ದಾನೆ, ಹಾಕಲ್ಲ. ಕಂಪ್ಯೂಟರ್ ಬಳಸೋದು ಸ್ಕ್ರೀನ್ ರೀಡರ್ ಮೂಲಕ, ಅಂದರೆ ಪರದೆ ಮೇಲೆ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಮೌಸ್ ಮುಟ್ಟೋದೇ ಇಲ್ಲ, ಎಲ್ಲ ಕೀಬೋರ್ಡ್. ಅವನು ಇಟ್ಟುಕೊಂಡಿರೋ ಸ್ಪೀಡ್‌ನಲ್ಲಿ ಆ ದನಿಯನ್ನು ಮೊದಲ ಸಲ ಕೇಳಿದಾಗ ನಮಗೆ ಒಂದು ಪದವೂ ತಿಳಿಯಲಿಲ್ಲ. ಅವನು ಮಾತ್ರ ಅದನ್ನು ಕೇಳ್ತಾ ಕೇಳ್ತಾ ನಮ್ಮ ಜೊತೆ ಕ್ರಿಕೆಟ್ ಸ್ಕೋರ್ ಮಾತಾಡ್ತಿದ್ದ.

ಅವನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಇದನ್ನು 2006ರಲ್ಲಿ ಶುರು ಮಾಡಿದರು, ಅವರಿಗೂ ಕಣ್ಣು ಕಾಣದು. ಪೂರ್ತಿ ಉಚಿತ, ಓಪನ್ ಸೋರ್ಸ್, ಕೋಡ್‌ನ ಬಹುಪಾಲು ಪೈಥಾನ್. ಇದಕ್ಕಿಂತ ಹಳೆಯದು ಜಾಸ್. ಅಮೆರಿಕದ ಟೆಡ್ ಹೆಂಟರ್ ಮೋಟರ್‌ಸೈಕಲ್ ರೇಸರ್ ಆಗಿದ್ದವರು, ಕಾರ್ ಅಪಘಾತದಲ್ಲಿ ದೃಷ್ಟಿ ಹೋದ ಮೇಲೆ ಪ್ರೋಗ್ರಾಮಿಂಗ್‌ಗೆ ಬಂದರು, 1989ರಲ್ಲಿ ಡಾಸ್‌ಗೆ ಜಾಸ್ ತಂದರು. ಅದಕ್ಕೆ ದುಡ್ಡು ಕೊಡಬೇಕು. ಎರಡಕ್ಕೂ ಒಂದು ಸಾಮಾನ್ಯ ಗುಣ ಇದೆ: ಹೊರಗಿನವರು ಕೋಡ್ ಬರೆದು ಅದರ ಬುದ್ಧಿ ಹೆಚ್ಚಿಸಬಹುದು. ಜಾಸ್‌ನಲ್ಲಿ ಅದನ್ನು ಸ್ಕ್ರಿಪ್ಟ್ ಅಂತಾರೆ, ಎನ್‌ವಿಡಿಎನಲ್ಲಿ ಆಡ್-ಆನ್.

ಈಗ ನಮ್ಮ ಕಥೆ. ನಮ್ಮ ಲ್ಯಾಬ್‌ನಲ್ಲಿ ಒಂದು ಸರ್ಕ್ಯೂಟ್ ಸಿಮ್ಯುಲೇಟರ್ ಇದೆ. ನೆಟ್‌ಲಿಸ್ಟ್ ಟೈಪ್ ಮಾಡಿ ರನ್ ಒತ್ತಿದರೆ ರಿಸಲ್ಟ್ ಬರುತ್ತೆ. ಟೈಪ್ ಮಾಡೋ ಜಾಗ ಸ್ಕ್ರೀನ್ ರೀಡರ್‌ಗೆ ಚೆನ್ನಾಗೇ ಕಾಣುತ್ತೆ. ಆದ್ರೆ ಮೇಲಿನ ಟೂಲ್‌ಬಾರ್‌ನಲ್ಲಿ ಬರೀ ಚಿತ್ರಗಳು. ಆ ಚಿತ್ರಗಳಿಗೆ ಹೆಸರು ಕೊಡೋದನ್ನು ಬರೆದವರು ಮರೆತಿದ್ದಾರೆ. ಹಾಗಾಗಿ ಟ್ಯಾಬ್ ಒತ್ತುತ್ತಾ ಹೋದರೆ ಅವನಿಗೆ ಕೇಳಿಸೋದು ‘ಬಟನ್, ಬಟನ್, ಬಟನ್, ಬಟನ್’. ರನ್‌ಗೆ ಶಾರ್ಟ್‌ಕಟ್ ಕೀ ಕೂಡ ಇಟ್ಟಿಲ್ಲ. ಮೊದಲ ತಿಂಗಳು ಅವನು ಎಣಿಸ್ತಿದ್ದ. ಐದನೇ ಬಟನ್ ರನ್ ಅಂತ ಬಾಯಿಪಾಠ.

ನಾವು ನೋಡಿ ಪಾಪ ಅಂದುಕೊಂಡ್ವಿ (ಈ ‘ಪಾಪ’ದ ಬಗ್ಗೆ ಅವನಿಗೆ ಇರೋ ಅಭಿಪ್ರಾಯ ಇಲ್ಲಿ ಪ್ರಿಂಟ್ ಮಾಡೋ ಹಾಗಿಲ್ಲ). ಎನ್‌ವಿಡಿಎ ಡೆವಲಪರ್ ಗೈಡ್ ಓದಿದ್ವಿ. ಸಿಮ್ಯುಲೇಟರ್‌ನ ಹೆಸರಿನಲ್ಲೇ ಒಂದು ಪೈಥಾನ್ ಫೈಲ್ ಮಾಡಿ ಆ್ಯಪ್ ಮಾಡ್ಯೂಲ್ ಅನ್ನೋ ಫೋಲ್ಡರ್‌ನಲ್ಲಿ ಇಟ್ಟರೆ ಸಾಕು, ಆ ಸಾಫ್ಟ್‌ವೇರ್ ತೆರೆದಾಗೆಲ್ಲ ಎನ್‌ವಿಡಿಎ ಈ ಫೈಲನ್ನೂ ಎಳೆದುಕೊಳ್ಳುತ್ತೆ. ಪ್ರತಿ ಬಟನ್ ಸಿಕ್ಕಾಗ ಅದು ಎಡದಿಂದ ಎಷ್ಟನೆಯದು ಅಂತ ಲೆಕ್ಕ ಹಾಕಿ, ನಾವು ಇಟ್ಟ ಪಟ್ಟಿಯಿಂದ ಹೆಸರು ತೆಗೆದು ಹೇಳೋ ಹಾಗೆ ಕೋಡ್ ಬರೆದ್ವಿ. ನ್ಯೂ, ಓಪನ್, ಅಂಡೂ, ರಿಸೆಟ್, ರನ್. ಗ್ರಾಫ್‌ನ ಬೆಲೆಗಳನ್ನು ಓದಿ ಹೇಳೋದನ್ನೂ ಸೇರಿಸಿದ್ವಿ. ಒಟ್ಟು ಮುನ್ನೂರು ಲೈನ್. ಡೆಮೋ ದಿನ ಜಡ್ಜ್‌ಗಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.

ಸೆಮಿಸ್ಟರ್ ರಜೆಯಲ್ಲಿ ಲ್ಯಾಬ್‌ನ ಎಲ್ಲ ಮೆಷಿನ್‌ಗಳಲ್ಲೂ ಸಿಮ್ಯುಲೇಟರ್‌ನ ಹೊಸ ವರ್ಷನ್ ಹಾಕಿದ್ದರು. ಹೊಸ ವರ್ಷನ್‌ನಲ್ಲಿ ಮೂರನೇ ಜಾಗಕ್ಕೆ ಎಕ್ಸ್‌ಪೋರ್ಟ್ ಅಂತ ಒಂದು ಬಟನ್ ಬಂದಿತ್ತು. ಅಂಡೂ ನಾಲ್ಕಕ್ಕೆ ಹೋಯ್ತು, ರಿಸೆಟ್ ಐದಕ್ಕೆ, ರನ್ ಆರಕ್ಕೆ. ನಮ್ಮ ಆಡ್-ಆನ್‌ಗೆ ಇದು ಗೊತ್ತಿಲ್ಲವಲ್ಲ. ಅದು ಐದನೇ ಬಟನ್ ಮೇಲೆ ನಿಂತು ಸ್ಪಷ್ಟವಾಗಿ ‘ರನ್’ ಅಂತ ಹೇಳ್ತಾನೇ ಇತ್ತು. ಇಂಟರ್ನಲ್ಸ್ ದಿನ ಅವನು ನಲವತ್ತು ಲೈನ್ ನೆಟ್‌ಲಿಸ್ಟ್ ಟೈಪ್ ಮಾಡಿ ‘ರನ್’ ಒತ್ತಿದ. ಎಲ್ಲ ಖಾಲಿ. ರಿಸೆಟ್ ಆದ್ಮೇಲೆ ಅಂಡೂ ಕೂಡ ಕೆಲಸ ಮಾಡಲ್ಲ.

ಲ್ಯಾಬ್ ಮೇಡಂ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟರು, ಅವನು ಮತ್ತೆ ಟೈಪ್ ಮಾಡಿ ಮುಗಿಸಿದ, ಮಾರ್ಕ್ಸ್ ಏನೋ ಬಂತು. ಹೊರಗೆ ಬಂದು ಅವನು ಬೈಯಲಿಲ್ಲ. ‘ಮಗಾ, ಮೊದ್ಲು ಬಟನ್ ಬಟನ್ ಅಂತಿದ್ದಾಗ ನಂಗೆ ಅನುಮಾನ ಇರ್ತಿತ್ತು. ಎರಡು ಸಲ ಎಣಿಸ್ತಿದ್ದೆ, ಸೇವ್ ಮಾಡ್ಕೊಂಡು ಒತ್ತುತ್ತಿದ್ದೆ. ನೀವು ಹೆಸರು ಕೊಟ್ಮೇಲೆ ನಂಬ್ಬಿಟ್ಟೆ’ ಅಂದ. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನಮ್ಮಲ್ಲೊಬ್ಬ ಆಡ್-ಆನ್ ಅನ್ನೋದೇ ತಪ್ಪು ದಾರಿ ಅಂತ ವಾದಕ್ಕೆ ನಿಂತ. ಬೇಕಾದ್ದೆಲ್ಲ ಸ್ಕ್ರೀನ್ ರೀಡರ್ ಒಳಗೇ ಇರಬೇಕು, ಟೆಸ್ಟ್ ಆಗಿರಬೇಕು, ಕಂಡಕಂಡವರು ಬರೆದ ಕೋಡ್ ಮೇಲೆ ಒಬ್ಬನ ಪರೀಕ್ಷೆ ನಿಂತಿರಬಾರದು. ಕೇಳೋಕೆ ನ್ಯಾಯವಾಗೇ ಇತ್ತು, ನಾವೂ ತಲೆಯಾಡಿಸಿದ್ವಿ. ಮರುದಿನ ನಮ್ಮ ಗೆಳೆಯನಿಗೆ ಹೇಳಿದಾಗ ಅವನು ನಕ್ಕ. ‘ಕೋರ್‌ಗೆ ಬರೋವರೆಗೂ ಕಾಯ್ತಾ ಕೂತ್ರೆ ನನ್ನ ಡಿಗ್ರಿ ಮುಗ್ದು ಮಕ್ಳೂ ಇಂಜಿನಿಯರಿಂಗ್ ಸೇರಿರ್ತಾರೆ.’

ಅವನು ಕೊಟ್ಟ ಉದಾಹರಣೆ ರಿಮೋಟ್. ಒಬ್ಬರ ಕಂಪ್ಯೂಟರನ್ನು ಇನ್ನೊಬ್ಬರು ದೂರದಿಂದ ಸ್ಕ್ರೀನ್ ರೀಡರ್ ದನಿಯ ಸಮೇತ ನಡೆಸೋ ಸೌಲಭ್ಯ. ಅಂಧರಿಗೆ ಅಂಧರೇ ಕಂಪ್ಯೂಟರ್ ಕಲಿಸೋಕೆ, ರಿಪೇರಿ ಮಾಡಿಕೊಡೋಕೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಎನ್‌ವಿಡಿಎಗೆ ಇದು 2015ರಲ್ಲಿ ಬಂತು, ಇಬ್ಬರು ಡೆವಲಪರ್‌ಗಳು ಜನರಿಂದ ದುಡ್ಡು ಸೇರಿಸಿ ಮಾಡಿದ ಆಡ್-ಆನ್ ಆಗಿ. ಎನ್‌ವಿಡಿಎಯ ಒಳಗೇ ಅದು ಸೇರಿದ್ದು 2025.1 ಆವೃತ್ತಿಯಲ್ಲಿ. ನಡುವೆ ಹತ್ತು ವರ್ಷ. ಬಿಲ್ಟ್-ಇನ್ ಆಗೋವರೆಗೂ ಬೇಡ ಅಂತ ಎಲ್ಲರೂ ಕೂತಿದ್ದರೆ ಆ ಹತ್ತು ವರ್ಷ ಯಾರಿಗೂ ಏನೂ ಇರ್ತಿರಲಿಲ್ಲ. ಅಷ್ಟೇ ಅಲ್ಲ, ಇಷ್ಟು ಜನ ಬಳಸ್ತಾರೆ ಅಂತ ತೋರಿಸಿಕೊಟ್ಟಿದ್ದೇ ಆ ಆಡ್-ಆನ್. ಚಿತ್ರದಲ್ಲಿರೋ ಅಕ್ಷರ ಓದೋ ಒಸಿಆರ್ ಕೂಡ ಹೀಗೇ ಮೊದಲು ಆಡ್-ಆನ್ ಆಗಿತ್ತು, 2017.3ರಲ್ಲಿ ವಿಂಡೋಸ್‌ನ ಸ್ವಂತ ಒಸಿಆರ್ ಬಳಸಿಕೊಂಡು ಒಳಗೇ ಬಂತು. ಈಗ ಇನ್ಸರ್ಟ್ ಹಿಡಿದು ಆರ್ ಒತ್ತಿದರೆ ಸಾಕು.

ಹಾಗಾದ್ರೆ ಎರಡೂ ಬೇಕು ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಆದ್ರೆ ಎನ್‌ವಿಡಿಎ ಸೋರ್ಸ್ ಕೋಡ್ ತೆರೆದು ನೋಡಿದ ಮೇಲೆ ನಮ್ಮ ಪ್ರಶ್ನೆಯೇ ಬದಲಾಯ್ತು. ಅದರ ಒಳಗೇ ಆ್ಯಪ್ ಮಾಡ್ಯೂಲ್ ಅನ್ನೋ ಫೋಲ್ಡರ್ ಇದೆ, ನಾವು ಬರೆದಂಥವೇ ಫೈಲ್‌ಗಳು: ಔಟ್‌ಲುಕ್‌ಗೆ ಒಂದು, ಎಕ್ಸೆಲ್‌ಗೆ ಒಂದು, ಎಕ್ಲಿಪ್ಸ್‌ಗೆ ಒಂದು. ಜಾಸ್‌ನಲ್ಲೂ ಅಷ್ಟೇ. ವರ್ಡ್‌ಗೆ, ಎಕ್ಸೆಲ್‌ಗೆ ಅದರ ಜೊತೆಗೇ ಬರೋ ಸಪೋರ್ಟ್ ಒಳಗೆ ನೋಡಿದ್ರೆ ಸ್ಕ್ರಿಪ್ಟ್‌ಗಳೇ. ಅಂದರೆ ‘ಬಿಲ್ಟ್-ಇನ್’ ಮತ್ತು ‘ಆಡ್-ಆನ್’ ಕೋಡ್‌ನಲ್ಲಿ ಎರಡು ಬೇರೆ ಜಾತಿ ಏನೂ ಅಲ್ಲ. ಅದೇ ಭಾಷೆ, ಅದೇ ಫಂಕ್ಷನ್‌ಗಳು, ಎಷ್ಟೋ ಸಲ ಅದೇ ಕೊಳಕು ಟ್ರಿಕ್‌ಗಳು. ವ್ಯತ್ಯಾಸ ಇರೋದು ಕೆಟ್ಟಾಗ. ಎಕ್ಸೆಲ್ ಓದೋದು ಕೆಟ್ಟರೆ ದೂರು ಕೊಡೋಕೆ ಒಂದು ಜಾಗ ಇದೆ, ನೋಡೋದು ಯಾರ ಕೆಲಸ ಅನ್ನೋದು ಗೊತ್ತಿದೆ, ಮುಂದಿನ ಬಿಡುಗಡೆಗೆ ಮುಂಚೆ ಬೀಟಾ ಬಳಸಿ ನೋಡೋ ಜನ ಇದ್ದಾರೆ. ನಮ್ಮ ಸಿಮ್ಯುಲೇಟರ್ ಆಡ್-ಆನ್ ಕೆಟ್ಟರೆ? ನಾವು ಬಹುಮಾನ ತಗೊಂಡ ದಿನದಿಂದ ಆ ಫೋಲ್ಡರ್ ತೆರೆದಿರಲಿಲ್ಲ.

ಜಾಸ್ ಪ್ರಪಂಚದಲ್ಲಿ ಇದು ಬಹಳ ಹಿಂದಿನಿಂದ ಇದೆ. ಆಫೀಸುಗಳ ಸ್ವಂತ ಸಾಫ್ಟ್‌ವೇರ್‌ಗೆ ಜಾಸ್ ಸ್ಕ್ರಿಪ್ಟ್ ಬರೆದುಕೊಡೋದೇ ಒಂದು ಕಸುಬು. ಒಬ್ಬ ಅಂಧ ಉದ್ಯೋಗಿ ಆ ಸ್ಕ್ರಿಪ್ಟ್ ಇದ್ದರೆ ಎಲ್ಲರ ಸಮ ಕೆಲಸ ಮಾಡ್ತಾನೆ. ಬರೆದುಕೊಟ್ಟವರ ಕಾಂಟ್ರಾಕ್ಟ್ ಮುಗಿದು, ಆಫೀಸಿನ ಸಾಫ್ಟ್‌ವೇರ್ ಬದಲಾದರೆ ಸೋಮವಾರ ಬೆಳಗ್ಗೆ ಅವನು ಎಲ್ಲರೆದುರು ಕೆಲಸ ಬಾರದವನ ಹಾಗೆ ಕೂರಬೇಕು. ಇನ್ನೊಂದು ಸೂಕ್ಷ್ಮವೂ ಇದೆ: ಬಳಕೆದಾರನ ಫೋಲ್ಡರ್‌ನಲ್ಲಿರೋ ಸ್ಕ್ರಿಪ್ಟ್‌ಗೆ ಜಾಸ್ ತನ್ನದಕ್ಕಿಂತ ಹೆಚ್ಚು ಬೆಲೆ ಕೊಡುತ್ತೆ. ಹಾಗಾಗಿ ಹೊಸ ಜಾಸ್ ಜೊತೆ ಸುಧಾರಿಸಿದ ಸ್ಕ್ರಿಪ್ಟ್ ಬಂದಿದ್ದರೂ ಅದೇ ಹೆಸರಿನ ಹಳೆಯದೊಂದು ಅದರ ಮುಂದೆ ಅಡ್ಡ ನಿಂತಿರಬಹುದು.

ಎನ್‌ವಿಡಿಎ ಇದಕ್ಕೆ ಒಂದು ಕಟ್ಟುನಿಟ್ಟು ಮಾಡಿದೆ. ಪ್ರತಿ ಆಡ್-ಆನ್ ತನ್ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ‘ನನ್ನನ್ನು ಕೊನೆಗೆ ಟೆಸ್ಟ್ ಮಾಡಿದ್ದು ಇಂಥ ಆವೃತ್ತಿಯಲ್ಲಿ’ ಅಂತ ಹೇಳಿಕೊಳ್ಳಬೇಕು. ವರ್ಷದ ಮೊದಲ ಆವೃತ್ತಿಯಲ್ಲಿ ಒಳಗಿನ ಎಪಿಐ ಬದಲಾದರೆ, ಹಳೆಯ ಆಡ್-ಆನ್‌ಗಳು ತಾವಾಗೇ ಡಿಸೇಬಲ್ ಆಗ್ತವೆ. ಮೊದಲು ಇದು ನಮಗೆ ಕಿರಿಕಿರಿ ಅನ್ನಿಸ್ತಿತ್ತು. 2019.3ರಲ್ಲಿ ಪೈಥಾನ್ 2ರಿಂದ 3ಕ್ಕೆ ಹೋದಾಗಂತೂ ಹಳೆಯ ಆಡ್-ಆನ್‌ಗಳನ್ನೆಲ್ಲ ಮತ್ತೆ ತಿದ್ದಬೇಕಾಯ್ತು, ತಿದ್ದೋಕೆ ಯಾರೂ ಇಲ್ಲದವು ಅಲ್ಲೇ ಸತ್ತವು. ಇಂಟರ್ನಲ್ಸ್ ಆದ ಮೇಲೆ ಈ ನಿಯಮದ ಬೆಲೆ ಗೊತ್ತಾಯ್ತು. ಡಿಸೇಬಲ್ ಆದ ಆಡ್-ಆನ್ ‘ನಾನು ಇಲ್ಲ’ ಅಂತ ಹೇಳಿಯಾದರೂ ಹೇಳುತ್ತೆ. ನಮ್ಮದು ಇದ್ದುಕೊಂಡೇ ಸುಳ್ಳು ಹೇಳ್ತು. ಎನ್‌ವಿಡಿಎ ಬದಲಾಗಿದ್ದರೆ ಆ ಕಾವಲು ಹಿಡೀತಿತ್ತು, ಬದಲಾಗಿದ್ದು ಸಿಮ್ಯುಲೇಟರ್. ಅದರ ವರ್ಷನ್ ನಂಬರ್ ನೋಡಿ, ಗೊತ್ತಿಲ್ಲದ ವರ್ಷನ್ ಆದರೆ ಬಾಯಿ ಮುಚ್ಚಿಕೊಂಡಿರು ಅಂತ ಮೂರು ಲೈನ್ ಬರೆಯೋದು ನಮಗೆ ಹೊಳೆಯಲೇ ಇಲ್ಲ. ಡೆಮೋಗೆ ಅದು ಬೇಕಿರಲಿಲ್ಲವಲ್ಲ.

ಸೆಕ್ಯುರಿಟಿ ಬಗ್ಗೆಯೂ ಒಂದು ಮಾತು. ಎನ್‌ವಿಡಿಎ ಆಡ್-ಆನ್‌ಗೆ ಬೇಲಿ ಇಲ್ಲ. ಅದು ಸ್ಕ್ರೀನ್ ರೀಡರ್‌ನ ಒಳಗೇ ಓಡುತ್ತೆ, ಒತ್ತಿದ ಪ್ರತಿ ಕೀ ಅದಕ್ಕೆ ಗೊತ್ತಾಗಬಹುದು. ಇನ್‌ಸ್ಟಾಲ್ ಮಾಡೋವಾಗ ಎಚ್ಚರಿಕೆ ಬರುತ್ತೆ, ನಂಬೋವರಿಂದ ಮಾತ್ರ ತಗೊಳ್ಳಿ ಅಂತ. ನಮ್ಮ ಗೆಳೆಯ ನಮ್ಮದನ್ನು ಕೇಳದೇ ಹಾಕಿಕೊಂಡಿದ್ದ.

ಗಣಿತದ ಕಥೆ ಸ್ವಲ್ಪ ಬೇರೆ. ಎಂ3 ಬರೆದವರಿಗೆ ಗೊತ್ತು, ಒಂದು ಲ್ಯಾಪ್ಲಾಸ್ ಸಮೀಕರಣವನ್ನ ಬಾಯಲ್ಲಿ ಓದಿ ಹೇಳೋದು ಎಂಥ ಕಷ್ಟ ಅಂತ. ಬ್ರಾಕೆಟ್ ಎಲ್ಲಿ ಮುಗೀತು, ಛೇದದಲ್ಲಿ ಏನೇನಿದೆ? 2015ರಲ್ಲಿ ಎನ್‌ವಿಡಿಎಗೆ ಗಣಿತ ಓದೋಕೆ ಬಂತು, ಆದರೆ ಮ್ಯಾಥ್‌ಪ್ಲೇಯರ್ ಅನ್ನೋ ಬೇರೆ ಕಂಪನಿಯ ಸಾಫ್ಟ್‌ವೇರ್ ಪಕ್ಕದಲ್ಲಿದ್ದರೆ ಮಾತ್ರ. ಅದರ ಕೋಡ್ ಮುಚ್ಚಿದ್ದು. ಅದರ ಕೆಲಸ ನಿಂತುಹೋದಾಗ ಹೊರಗಿನವರು ಎತ್ತಿಕೊಂಡು ಮುಂದುವರಿಸೋಕೆ ದಾರಿ ಇರಲಿಲ್ಲ. ಅದನ್ನು ಕಟ್ಟಿದ ನೀಲ್ ಸಾಯ್ಫರ್ ಅವರೇ ಹೊಸದಾಗಿ ಮ್ಯಾಥ್‌ಕ್ಯಾಟ್ ಬರೆದರು, ರಸ್ಟ್ ಭಾಷೆಯಲ್ಲಿ, ಓಪನ್ ಸೋರ್ಸ್ ಆಗಿ, ಎನ್‌ವಿಡಿಎಗೆ ಆಡ್-ಆನ್ ರೂಪದಲ್ಲಿ. ಇಲ್ಲಿ ಹೊರಗಿನಿಂದ ಸೇರಿಸಿದ್ದು ಅನ್ನೋದು ಸಮಸ್ಯೆ ಆಗಿರಲಿಲ್ಲ, ಬೀಗ ಹಾಕಿದ್ದು ಅನ್ನೋದು ಸಮಸ್ಯೆ. ಅಂದ ಹಾಗೆ, ಇಷ್ಟೆಲ್ಲ ಇದ್ದೂ ನಮ್ಮ ಗೆಳೆಯನಿಗೆ ಉಪಯೋಗ ಕಡಿಮೆ, ಯಾಕಂದ್ರೆ ನಾವು ಗ್ರೂಪ್‌ನಲ್ಲಿ ಹಂಚೋ ನೋಟ್ಸ್ ಎಲ್ಲ ಮೊಬೈಲ್‌ನಲ್ಲಿ ಫೋಟೋ ಹೊಡೆದ ಕೈಬರಹದ ಪಿಡಿಎಫ್.

ಕನ್ನಡದ ವಿಷಯಕ್ಕೆ ಬರದೇ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆದರೆ ಹೇಗೆ. ಎನ್‌ವಿಡಿಎ ಜೊತೆ ಬರೋ ಇಸ್ಪೀಕ್ ದನಿಗೆ ಕನ್ನಡ ಬರುತ್ತೆ. ರೋಬೋಟ್ ಥರ ಇದೆ, ಆದ್ರೂ ಯಾವ ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಹಾಕಿದರೂ ಕನ್ನಡ ಅಲ್ಲಿ ಇರುತ್ತೆ, ಇಂಟರ್ನೆಟ್ ಇಲ್ಲದಿದ್ದರೂ. ಬಿಲ್ಟ್-ಇನ್ ಅಂದರೆ ಏನು ಅಂತ ನಮಗೆ ನಿಜವಾಗಿ ಅರ್ಥ ಆಗಿದ್ದು ಇದರಿಂದ. ಕೇಳಬೇಕಾಗಿಲ್ಲ, ಹುಡುಕಬೇಕಾಗಿಲ್ಲ, ಅಡ್ಮಿನ್ ಪಾಸ್‌ವರ್ಡ್‌ಗೆ ಲ್ಯಾಬ್‌ನವರ ಹಿಂದೆ ಅಲೆಯಬೇಕಾಗಿಲ್ಲ.

ಆದರೆ ಫಸ್ಟ್ ಇಯರ್‌ನಲ್ಲಿ ಯಾರೋ ಸೀನಿಯರ್ ಕೊಟ್ಟ ಕನ್ನಡ ನೋಟ್ಸ್ ಫೈಲ್ ತೆರೆದಾಗ ಅವನಿಗೆ ಕನ್ನಡ ಕೇಳಿಸಲಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅದು, ಯೂನಿಕೋಡ್ ಅಲ್ಲ. ಕಣ್ಣಿಗೆ ಮುದ್ದಾದ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ‘ಕ’ ಇರೋ ಕಡೆ ಒಳಗೆ ‘ಪಿ’ ಇದೆ, ‘ನ’ ಇರೋ ಕಡೆ ಬ್ರಿಟಿಷ್ ದುಡ್ಡಿನ ಪೌಂಡ್ ಚಿಹ್ನೆ. ‘ಕನ್ನಡ’ ಅನ್ನೋ ಪದದ ನಡುವೆಯೇ ಸ್ಕ್ರೀನ್ ರೀಡರ್ ‘ಪೌಂಡ್’ ಅಂತು. ಇದಕ್ಕೂ ಆಡ್-ಆನ್ ಬರೀಬಹುದಲ್ಲ ಅಂತ ನಮ್ಮ ಕೈ ಕಡೀತು. ಫಾಂಟ್ ಹೆಸರು ನೋಡಿ, ಪಟ್ಟಿ ಇಟ್ಟುಕೊಂಡು ಅಕ್ಷರ ಬದಲಿಸಿದರಾಯ್ತು, ಒಂದು ವೀಕೆಂಡ್ ಕೆಲಸ. ಈ ಸಲ ಬರೀಲಿಲ್ಲ. ಫೈಲನ್ನೇ ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿ ಗ್ರೂಪ್‌ಗೆ ವಾಪಸ್ ಹಾಕಿದ್ವಿ. ಒಬ್ಬನ ಕಂಪ್ಯೂಟರ್‌ನಲ್ಲಿ ತಿದ್ದೋದಕ್ಕಿಂತ ಮೂಲದಲ್ಲಿ ತಿದ್ದಿದ್ರೆ ಮುಂದಿನ ವರ್ಷ ಬರೋನಿಗೂ ಓದುತ್ತೆ. ಅದೇ ಹೊತ್ತಿಗೆ ನಮ್ಮ ಸಂಘ ಹಾಕಿದ ರಾಜ್ಯೋತ್ಸವದ ಪೋಸ್ಟರ್ ಅವನಿಗೆ ಹೇಗೆ ಕೇಳಿಸ್ತು ಅಂತ ಕೇಳಿದ್ವಿ. ‘ಇಮೇಜ್’ ಅಂದ. ಅಷ್ಟೇ. ಸಮಯ, ಸ್ಥಳ, ಅತಿಥಿಗಳು, ಮಿರ್ಚಿ ಬಜ್ಜಿ, ಎಲ್ಲ ಸೇರಿ ‘ಇಮೇಜ್’.

ಇಲ್ಲಿಂದ ನಮ್ಮ ನಿಲುವು. ತಪ್ಪಿರಬಹುದು, ಜಗಳಕ್ಕೆ ಬನ್ನಿ. ಬಟನ್‌ಗೆ ಹೆಸರು ಇರೋದು ಆ್ಯಪ್ ಬರೆದವರ ಕೆಲಸ, ಸ್ಕ್ರೀನ್ ರೀಡರ್‌ನದೂ ಅಲ್ಲ, ಆಡ್-ಆನ್‌ನದೂ ಅಲ್ಲ. ವಿಎಸ್ ಕೋಡ್ ನೋಡಿ, ಸ್ಕ್ರೀನ್ ರೀಡರ್ ಓಡ್ತಿದೆ ಅಂತ ಅದು ತಾನೇ ಗುರುತಿಸುತ್ತೆ, ಆಲ್ಟ್ ಎಫ್1 ಒತ್ತಿದರೆ ಅದಕ್ಕಾಗೇ ಹೆಲ್ಪ್ ಇದೆ. ನಮ್ಮ ಗೆಳೆಯ ಅದರಲ್ಲಿ ಕೋಡ್ ಬರೆಯೋಕೆ ಒಂದೂ ಆಡ್-ಆನ್ ಹಾಕಿಕೊಂಡಿಲ್ಲ. ಓದೋದು, ಬರೆಯೋದು, ಲಾಗಿನ್ ಆಗೋದು, ಪರೀಕ್ಷೆ ಬರೆಯೋದು, ಇಂಥವು ಯಾರೋ ಪುಣ್ಯಾತ್ಮ ಬಿಡುವಿನಲ್ಲಿ ಬರೆದ ಫೈಲ್ ಮೇಲೆ ನಿಲ್ಲಬಾರದು. ಹೊಸ ಪ್ರಯೋಗಕ್ಕೆ, ಒಬ್ಬೊಬ್ಬರ ಇಷ್ಟಕ್ಕೆ, ಇವತ್ತು ರಾತ್ರಿಯೇ ಬೇಕು ಅನ್ನೋ ತುರ್ತಿಗೆ ಆಡ್-ಆನ್ ಇರಲಿ. ಇರಲೇಬೇಕು. ಆದ್ರೆ ಬರೆದವರು ಅದರ ಪಕ್ಕ ನಿಂತಿರಬೇಕು, ಇಲ್ಲ ನಿಲ್ಲೋರಿಗೆ ಒಪ್ಪಿಸಬೇಕು. ಟೆಕ್ ಫೆಸ್ಟ್‌ಗಳಲ್ಲಿ ಪ್ರತಿ ವರ್ಷ ‘ಅಂಧರಿಗಾಗಿ’ ಅಂತ ಒಂದು ಪ್ರಾಜೆಕ್ಟ್ ಇದ್ದೇ ಇರುತ್ತೆ. ಜಡ್ಜ್‌ಗಳು ಹಿಂದಿನ ವರ್ಷದ ಪ್ರಾಜೆಕ್ಟ್ ಈಗಲೂ ಓಡ್ತಿದೆಯಾ ಅಂತ ಒಂದು ಸಲ ಕೇಳಲಿ ನೋಡೋಣ.

ಸಿಮ್ಯುಲೇಟರ್ ಓಪನ್ ಸೋರ್ಸ್ ಅಂತ ನಮಗೆ ಮೊದಲಿನಿಂದ ಗೊತ್ತಿತ್ತು. ಅದರ ಕೋಡ್ ತೆರೆದು ನೋಡೋಣ ಅಂತ ಅನ್ನಿಸಿದ್ದು ಇಂಟರ್ನಲ್ಸ್ ಆದ ಮೇಲೆ. ಕ್ಯೂಟಿ ಬಳಸಿ ಬರೆದಿದ್ದಾರೆ. ಪ್ರತಿ ಬಟನ್‌ಗೆ ಹೆಸರು ಕೊಡೋಕೆ ಒಂದೊಂದು ಲೈನ್ ಸಾಕು. ಹದಿನಾಲ್ಕು ಬಟನ್, ಹದಿನಾಲ್ಕು ಲೈನ್, ರನ್‌ಗೆ ಶಾರ್ಟ್‌ಕಟ್ ಕೀ ಕೊಡೋಕೆ ಇನ್ನೊಂದು. ಒಟ್ಟು ಹದಿನೈದು. ನಮ್ಮ ಮುನ್ನೂರು ಲೈನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಡವೇ ಆಗಿತ್ತು. ಪ್ಯಾಚ್ ಕಳಿಸಿದ್ದೀವಿ, ಇನ್ನೂ ಮರ್ಜ್ ಆಗಿಲ್ಲ, ಒಬ್ಬರು ಒಳ್ಳೆ ಪ್ರಶ್ನೆ ಕೇಳಿದ್ದಾರೆ, ಉತ್ತರ ಬರೀತಿದ್ದೀವಿ. ಅದು ಆಗೋವರೆಗೂ ಆಡ್-ಆನ್ ಇರುತ್ತೆ, ಈಗ ವರ್ಷನ್ ನೋಡಿಯೇ ಬಾಯಿ ತೆರೆಯುತ್ತೆ, ಗೊತ್ತಿಲ್ಲದ ವರ್ಷನ್ ಆದರೆ ಮೊದಲಿನ ಹಾಗೆ ‘ಬಟನ್’ ಅಂತ ಬಿಡುತ್ತೆ.

ಮುಂದಿನ ಲ್ಯಾಬ್ ಇಂಟರ್ನಲ್ಸ್ 18ಕ್ಕೆ. 17ರ ಸಂಜೆ ನಾವು ಮೂವರೂ ಅವನ ಜೊತೆ ಲ್ಯಾಬ್‌ಗೆ ಹೋಗಿ ಪ್ರತಿ ಬಟನ್ ಒತ್ತಿ ನೋಡ್ತೀವಿ. ಫಸ್ಟ್ ಇಯರ್‌ನವರು ಯಾರಾದ್ರೂ ಬರೋದಿದ್ರೆ ಐದು ಗಂಟೆಗೆ ಬನ್ನಿ. ಪೈಥಾನ್ ಸ್ವಲ್ಪ ಗೊತ್ತಿದ್ರೆ ಸಾಕು. ಹೆಡ್‌ಫೋನ್ ತನ್ನಿ.